ಕೊಂಡದ್ದೋ, ಕಟ್ಟಿದ್ದೋ?

ಕಣ್ಣಿಗೆ ಪರದೆಯ ಕನ್ನಡಕವೇರಿಸಿ, ಡ್ರೋನಿನ ಕ್ಯಾಮೆರಾ ಕಂಡುದನ್ನೇ ತಾವೂ ಕಾಣುತ್ತ ಹಾರಿಸುವ ಎಫ್‌ಪಿವಿ ಡ್ರೋನಿನ ಹಂಬಲ ಇಂದಿನ ಎಳೆಯರದು. ಸಿದ್ಧ ಯಂತ್ರವನ್ನು ಕೊಂಡರೆ ಅಂದೇ ಹಾರಾಟ. ತಾವೇ ಕಟ್ಟಹೊರಟರೆ ಚೌಕಟ್ಟು, ನಾಲ್ಕು ಮೋಟಾರು, ನಿಯಂತ್ರಕ ಫಲಕ, ಬೆಸುಗೆ ಎಂದು ದಿನಗಟ್ಟಲೆ ತಾಳ್ಮೆ ಬೇಕು. ಆದರೆ ಬೀಳದ ಡ್ರೋನಿಲ್ಲ. ಎರಡರ ಅಂತರ ತಿಳಿಯುವುದು ಬಿದ್ದ ಮರುದಿನ: ಕೊಂಡವರು ರಿಪೇರಿಯವನನ್ನು ಅರಸುತ್ತಾರೆ, ಕಟ್ಟಿದವರು ಸುಟ್ಟ ಮೋಟಾರನ್ನು ತಾವೇ ಬದಲಿಸುತ್ತಾರೆ. ಭಾರತ ಸರ್ಕಾರವೂ 2022ರ ಫೆಬ್ರವರಿಯಲ್ಲಿ ವಿದೇಶದ ಸಿದ್ಧ ಡ್ರೋನುಗಳ ಆಮದನ್ನು ಸಾಮಾನ್ಯ ಗ್ರಾಹಕರಿಗೆ ನಿಷೇಧಿಸಿ, ಬಿಡಿಭಾಗಗಳಿಗೆ ಬಾಗಿಲು ತೆರೆದಿಟ್ಟಿತು. ಆದುದರಿಂದ ಮಗನೋ ಮಗಳೋ ಸೋಲ್ಡರಿಂಗ್ ಐರನ್ ಕೇಳಿದರೆ, ತಂದೆತಾಯಿಗಳೇ, ಗೊಣಗದಿರಿ. ಹಾರಿಸುವ ಅಭ್ಯಾಸ ಅಷ್ಟರಲ್ಲಿ ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಸಾಗಲಿ. ಹಾರಾಟ ತುಸು ತಡವಾದೀತು. ಮುರಿದದ್ದನ್ನು ಕೂಡಿಸಬಲ್ಲ ಕೈಯೊಂದು ಮನೆಯಲ್ಲಿ ಸಿದ್ಧವಾದೀತು.