ಘಾಟಿ ಇಳಿಯುವಾಗ ಡೀಸೆಲ್ ಗಾಡಿಯ ಎಂಜಿನ್ ಆಫ್ ಮಾಡಬಹುದೇ? ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪ್ ಬಗ್ಗೆ ತಿಳಿಯಿರಿ

‘ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ಗೆ ಹಾಕಿ, ಡೀಸೆಲ್ ಉಳಿಸಿ.’ ಈ ಸಲಹೆಯನ್ನು ನೀವೂ ಕೇಳಿರಬಹುದು. ಚಾರ್ಮಾಡಿ, ಆಗುಂಬೆಯಂಥ ಘಾಟಿಗಳಲ್ಲಿ ಇದನ್ನು ಪಾಲಿಸಿದರೆ ಉಳಿಯುವುದು ಅಲ್ಪ, ಅಪಾಯ ದೊಡ್ಡದು. ಯಾಕೆಂದು ನೋಡೋಣ.

ಬ್ರೇಕಿಗೆ ಬಲ ಎಲ್ಲಿಂದ?

ಕಾರು, ಜೀಪುಗಳ ಬ್ರೇಕ್ ಪೆಡಲ್ ಹಿಂದೆ ಡಬ್ಬಿಯಂಥ ಬೂಸ್ಟರ್ ಇರುತ್ತದೆ. ಅದರೊಳಗೆ ಒಂದು ಪರದೆ. ಪರದೆಯ ಒಂದು ಬದಿಯಲ್ಲಿ ನಿರ್ವಾತವಿರುತ್ತದೆ. ಪೆಡಲ್ ಒತ್ತಿದಾಗ ಇನ್ನೊಂದು ಬದಿಗೆ ಹೊರಗಿನ ಗಾಳಿ ನುಗ್ಗಿ ಪರದೆಯನ್ನು ತಳ್ಳುತ್ತದೆ. ಪರದೆ 25 ಸೆಂ.ಮೀ. ಅಗಲವಿದ್ದು, ಒತ್ತಡದ ವ್ಯತ್ಯಾಸ ಚದರ ಸೆಂಟಿಮೀಟರಿಗೆ 0.7 ಕೆ.ಜಿ. ಇದ್ದರೆ ಸಿಗುವ ಬಲ ಸುಮಾರು 340 ಕೆ.ಜಿ. ನಮ್ಮ ಕಾಲಿಗೆ ಬ್ರೇಕ್ ಹಗುರ ಎನಿಸುವುದು ಇದರಿಂದಲೇ.

ಸಾಮಾನ್ಯ ಪೆಟ್ರೋಲ್ ಎಂಜಿನ್ ಒಳಬರುವ ಗಾಳಿಯನ್ನು ತಡೆದು ವೇಗ ನಿಯಂತ್ರಿಸುತ್ತದೆ. ಹಾಗಾಗಿ ಅಲ್ಲಿ ನಿರ್ವಾತ ತಾನಾಗಿ ಸಿಗುತ್ತದೆ. ಡೀಸೆಲ್ ಎಂಜಿನ್ ಇಂಧನದ ಪ್ರಮಾಣದಿಂದ ನಿಯಂತ್ರಣವಾಗುತ್ತದೆ. ಅದಕ್ಕೇ ಪ್ರತ್ಯೇಕ ಪಂಪ್ ಬೇಕು.

ಪಂಪನ್ನು ತಿರುಗಿಸುವುದು ಯಾರು?

*ಆಲ್ಟರ್ನೇಟರ್:* ಹಳೆಯ ಡೀಸೆಲ್ ಜೀಪು, ಕಾರುಗಳಲ್ಲಿ ಇದು ಸಾಮಾನ್ಯ. ಆಲ್ಟರ್ನೇಟರ್ ಎಂಜಿನ್‌ನ ಎರಡು–ಮೂರು ಪಟ್ಟು ವೇಗದಲ್ಲಿ ತಿರುಗುವುದರಿಂದ ಚಿಕ್ಕ ಪಂಪ್ ಸಾಕು. ಆದರೆ ಬೆಲ್ಟ್ ತುಂಡಾದರೆ ಬ್ಯಾಟರಿ ಚಾರ್ಜ್ ಮತ್ತು ಬ್ರೇಕಿನ ಬಲ ಎರಡೂ ಒಟ್ಟಿಗೆ ಹೋಗುತ್ತವೆ. ಇಂಥ ಗಾಡಿಯಲ್ಲಿ ಬ್ಯಾಟರಿ ದೀಪ ಹೊತ್ತಿದರೆ ಅದು ಬ್ರೇಕಿನ ಎಚ್ಚರಿಕೆಯೂ ಆಗಿರಬಹುದು.

*ಕ್ಯಾಮ್‌ಶಾಫ್ಟ್:* ಎಂಜಿನ್‌ಗೇ ನೇರ ಜೋಡಣೆ. ಹೊರಗಿನ ಬೆಲ್ಟಿನ ಹಂಗಿಲ್ಲ. ಎಂಜಿನ್ ಓಡುವಷ್ಟು ಹೊತ್ತು ಪಂಪೂ ಓಡುತ್ತದೆ. ವೇಗ ಎಂಜಿನ್‌ನ ಅರ್ಧ ಮಾತ್ರ, ಹಾಗಾಗಿ ಪಂಪ್ ದೊಡ್ಡದಿರಬೇಕು. ಅದಕ್ಕೆ ಜಾಗ ಎಂಜಿನ್ ವಿನ್ಯಾಸದಲ್ಲೇ ಇರಬೇಕು.

*ವಿದ್ಯುತ್ ಮೋಟಾರ್:* ಎಂಜಿನ್ ನಿಂತರೂ ಓಡಬಲ್ಲದು. ವಿದ್ಯುತ್ ಕಾರುಗಳಲ್ಲೂ ಇದರ ಬಳಕೆಯಿದೆ. ಆದರೆ ಬ್ಯಾಟರಿ, ವೈರಿಂಗ್, ರಿಲೇ, ಒತ್ತಡದ ಸ್ವಿಚ್ ಎಲ್ಲವೂ ಸರಿಯಿರಬೇಕು.

ಹಳೆಯ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವವರು ಈ ಪ್ರಶ್ನೆಯನ್ನು ಮೊದಲೇ ಕೇಳಬೇಕು. ಎಂಜಿನ್‌ನೊಂದಿಗೇ ಬಂದ ಪಂಪ್ ಇದ್ದರೆ ಅದನ್ನೇ ಉಳಿಸಿಕೊಳ್ಳುವುದು ಲೇಸು. ಎಂಜಿನ್ ತಿರುಗಿಸುವ ಪಂಪುಗಳಿಗೆ ಸಾಮಾನ್ಯವಾಗಿ ಎಂಜಿನ್ ಆಯಿಲ್ ಬೇಕು. ಆಯಿಲ್ ಪೈಪ್ ಕಟ್ಟಿಕೊಂಡರೆ ಪಂಪ್ ಸವೆದು, ನಿರ್ವಾತ ಕುಸಿಯುತ್ತದೆ.

ಎಂಜಿನ್ ಆಫ್ ಮಾಡಿದರೆ?

ಎಂಜಿನ್ ನಿಂತರೆ ಅದು ತಿರುಗಿಸುವ ಪಂಪೂ ನಿಲ್ಲುತ್ತದೆ. ಬೂಸ್ಟರ್‌ನಲ್ಲಿ ಉಳಿದ ನಿರ್ವಾತ ಎರಡು–ಮೂರು ಬಾರಿ ಪೆಡಲ್ ಒತ್ತುವಷ್ಟಕ್ಕೆ ಮಾತ್ರ. ಆಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿ. ಬ್ರೇಕ್ ಪೂರ್ತಿ ಸತ್ತಿರುವುದಿಲ್ಲ, ಆದರೆ ಹಲವು ಪಟ್ಟು ಬಲ ಹಾಕಿ ಒತ್ತಬೇಕು. ತಿರುವಿನ ಮುಂದೆ ಅಷ್ಟು ಸಮಯ ಸಿಗದು. ಪವರ್ ಸ್ಟಿಯರಿಂಗ್ ಕೂಡ ಭಾರವಾಗುತ್ತದೆ, ಕೀ ತೆಗೆದರೆ ಸ್ಟಿಯರಿಂಗ್ ಲಾಕ್ ಆಗಬಹುದು.

ಡೀಸೆಲ್ ಉಳಿತಾಯದ ವಾದವೂ ಗಟ್ಟಿಯಲ್ಲ. ಎಲೆಕ್ಟ್ರಾನಿಕ್ ಇಂಜೆಕ್ಷನ್ ಇರುವ ಎಂಜಿನ್‌ಗಳು ಗೇರ್‌ನಲ್ಲಿದ್ದಾಗ ಆಕ್ಸಿಲರೇಟರ್ ಬಿಟ್ಟರೆ ಇಂಧನವನ್ನು ತಾವೇ ನಿಲ್ಲಿಸುತ್ತವೆ. ಜೊತೆಗೆ ಎಂಜಿನ್ ಬ್ರೇಕಿಂಗ್ ಉಚಿತ.

ಗಮನಿಸಿ: ಭಾರಿ ಲಾರಿ, ಬಸ್ಸುಗಳದ್ದು ಏರ್ ಬ್ರೇಕ್. ಅಲ್ಲಿರುವುದು ನಿರ್ವಾತವಲ್ಲ, ಒತ್ತಿದ ಗಾಳಿ. ಅದನ್ನು ತುಂಬುವ ಕಂಪ್ರೆಸರ್‌ಗೂ ಎಂಜಿನ್ ಓಡುತ್ತಿರಬೇಕು.

ಮನೆಯಲ್ಲೇ ಪರೀಕ್ಷೆ

ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ. ಎಂಜಿನ್ ಆಫ್ ಮಾಡಿ, ಪೆಡಲ್ ಗಟ್ಟಿಯಾಗುವವರೆಗೆ ಕೆಲವು ಬಾರಿ ಒತ್ತಿ. ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್‌ಗೆ ನಿರ್ವಾತ ಸಿಗುತ್ತಿದೆ. ಇಳಿಯದಿದ್ದರೆ ಘಾಟಿಗೆ ಹೋಗುವ ಮೊದಲು ಮೆಕ್ಯಾನಿಕ್‌ಗೆ ತೋರಿಸಿ.

ಒಟ್ಟಾರೆ: ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಬೇಡಿ, ಕಡಿಮೆ ಗೇರ್‌ನಲ್ಲಿ ಇಳಿಯಿರಿ. ಆ ಸಲಹೆ ನಿಮ್ಮ ಗುಂಪಿಗೂ ಬಂದರೆ ಫಾರ್ವರ್ಡ್ ಮಾಡುವ ಬದಲು, ಯಾಕೆ ತಪ್ಪೆಂದು ಎರಡು ಸಾಲು ಬರೆಯಿರಿ.