ಮರದ ಹೆಸರು, ಮನೆಯ ಮಾತು

ಮಳೆ ಹಿಂದೆಗೆದು ಆಶ್ವಯುಜ ಬಂದಿತೆಂದರೆ ಸೊಲ್ಲಾಪುರದ ಸಂಜೆಗಳು ಹಿತವೆನಿಸತೊಡಗುತ್ತವೆ. ಈ ಬರಸೀಮೆಯಲ್ಲಿ ಹಸಿರು ಕಾಣುವ ದಿನಗಳೇ ಅಲ್ಪ. ಅವನ್ನು ಮನೆಯೊಳಗೇ ಕುಳಿತು ಕಳೆಯಬಾರದು. ಮಕ್ಕಳನ್ನು ಕರೆದುಕೊಂಡು ಸಿದ್ಧೇಶ್ವರ ಕೆರೆಯ ದಂಡೆಗೆ, ಕೋಟೆಯ ಉದ್ಯಾನಕ್ಕೆ ಹೋಗಿರಿ. 12ನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಲೋಕಹಿತಕ್ಕಾಗಿ ಕಟ್ಟಿಸಿದ ಕೆರೆಯದು. ಆ ಶಿವಯೋಗಿಯ ವಚನಗಳು ನಮ್ಮ ನುಡಿಯಲ್ಲಿವೆ ಎಂಬುದನ್ನೂ ತಿಳಿಸಿರಿ. ಅಕ್ಕಲಕೋಟೆಯವರಿಗೆ ವಟವೃಕ್ಷ ಮಂದಿರದ ಆಲವಿದೆ. ಮರಾಠಿ ಶಾಲೆಗೆ ಹೋಗುವ ಮಕ್ಕಳು ವಡ, ಪಿಂಪಳ, ಕಡುಲಿಂಬ ಎಂದು ಕಲಿಯುತ್ತಾರೆ. ಕಲಿಯಲಿ, ಅದೂ ಸಂಪನ್ನವಾದ ನುಡಿಯೇ. ಆದರೆ ಆಲ, ಅರಳಿ, ಬೇವು ಎಂಬ ಹೆಸರುಗಳನ್ನು ತಾಯ್ತಂದೆಯರು ಹೇಳಿಕೊಡದಿದ್ದರೆ ಮತ್ತಾರು ಹೇಳಿಯಾರು? ದಸರೆಯಂದು ಮಕ್ಕಳ ಕೈಗೆ ಬನ್ನಿ ಕೊಡುವಾಗ ಆ ಹೆಸರುಗಳನ್ನೂ ಕೊಡೋಣ.