ಗುಳೆ ಹೋದವರ ಬಿಲ್ಲು ಯಾರ ಹೆಸರಿಗೆ?

ಬ್ರಿಟನ್ನಿನಲ್ಲಿ ಜೀವನವಿಡೀ ಬಸ್ ಓಡಿಸಿದ ಒಬ್ಬ ಡ್ರೈವರ್ ರಿಟೈರ್ ಆದಮೇಲೆ ಸ್ಪೇನಿಗೆ ಹೋಗಿ ನೆಲೆಸಿದ ಅಂತಿಟ್ಟುಕೊಳ್ಳಿ. ಅಲ್ಲಿ ಬಿಸಿಲು ಚೆನ್ನಾಗಿದೆಯಂತೆ. (ನಮ್ಮ ಕಲಬುರಗಿಯಲ್ಲೂ ಬಿಸಿಲಿಗೇನು ಕಮ್ಮಿಯಿಲ್ಲ, ಯಾರೂ ಬಂದು ನೆಲೆಸುವುದಿಲ್ಲ, ಆ ಮಾತು ಬಿಡಿ.) ಅಲ್ಲಿ ಅವನಿಗೆ ಶುಗರ್ ಬಂದರೆ ಖರ್ಚು ಯಾರದು? ಬ್ರಿಟನ್ನಿನದು. ಎಸ್1 ಅನ್ನೋ ಒಂದು ಫಾರಂ ಇದೆ. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಪಡೆಯುವವನು ಅದನ್ನು ತರಿಸಿಕೊಂಡು ಸ್ಪೇನಿನಲ್ಲಿ ನೋಂದಾಯಿಸಿದರೆ, ಓಣಿಯ ಕ್ಲಿನಿಕ್ಕಿನಿಂದ ದೊಡ್ಡಾಸ್ಪತ್ರೆಯವರೆಗೆ ಅಲ್ಲಿಯವರಿಗೆ ಸಿಗುವ ಚಿಕಿತ್ಸೆ ಇವನಿಗೂ ಸಿಗುತ್ತದೆ. ದುಡ್ಡಿನ ಲೆಕ್ಕ ಎರಡು ಸರ್ಕಾರಗಳ ನಡುವೆ. 2020ರಲ್ಲಿ ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಜಗಳ ಮಾಡಿಕೊಂಡು ಹೊರಬಂತು, ಈ ಫಾರಂ ಮಾತ್ರ ಉಳಿಯಿತು. ಅಲ್ಲೂ ಎಲ್ಲರಿಗೂ ಇಷ್ಟು ಸಲೀಸಲ್ಲ. ಪಿಂಚಣಿ ವಯಸ್ಸಿಗೆ ಮುಂಚೆ ಕೆಲಸ ಬಿಟ್ಟು ಹೋದವರು ಸಾಮಾನ್ಯವಾಗಿ ತಾವೇ ದಾರಿ ನೋಡಿಕೊಳ್ಳಬೇಕು. ಆದರೆ ಒಂದು ವಿಷಯ ಅವರಿಗೆ ಅರ್ಥವಾಗಿದೆ: ಎಲ್ಲಿ ದುಡಿದನೋ ಆ ಸರ್ಕಾರ, ಅವನು ಎಲ್ಲಿ ಮಲಗಿದ್ದಾನೋ ಅಲ್ಲಿಗೆ ದುಡ್ಡು ಕಳಿಸಬೇಕು.

ಈಗ ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಬನ್ನಿ. ಇಲ್ಲಿಯ ಕೆಂಪು ಬಾಳೆಹಣ್ಣಿಗೆ ಜಿಐ ಟ್ಯಾಗ್ ಸಿಕ್ಕಿದೆ. ಹಣ್ಣು ಮುಂಬೈಗೆ ಹೋದರೂ ಕಮಲಾಪುರದ್ದೇ. ಇಲ್ಲಿಯ ತಾಂಡಾಗಳಿಂದ ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗುವ ಮನುಷ್ಯರಿಗೆ ಮಾತ್ರ ಆ ಭಾಗ್ಯ ಇಲ್ಲ.

‘ಆಯುಷ್ಮಾನ್ ಕಾರ್ಡ್ ಇದೆಯಲ್ಲ ಸ್ವಾಮಿ, ವರ್ಷಕ್ಕೆ 5 ಲಕ್ಷ, ದೇಶದಲ್ಲೆಲ್ಲಾ ನಡೆಯುತ್ತೆ’ ಅಂತೀರಿ. ಗೊತ್ತು. ಇಂಥದೊಂದು ಯೋಜನೆ ಹಿಂದೆಯೇ ನಮ್ಮ ಗುಲಬರ್ಗಾ ವಿಭಾಗದಲ್ಲಿ ಶುರುವಾಗಿತ್ತು. 2010ರ ವಾಜಪೇಯಿ ಆರೋಗ್ಯಶ್ರೀ. 2018ರಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಬಂತು. ಬಡ ಕುಟುಂಬದಲ್ಲಿ ಹಾರ್ಟ್ ಆಪರೇಷನ್ ಆಗಿ ಹೊಲ ಉಳಿದಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಯೋಜನೆ ಸುಳ್ಳು ಅನ್ನುವವನು ನಾನಲ್ಲ.

ಆದರೆ ಅದು ಬೆಡ್ಡಿಗೆ ಕೊಟ್ಟ ಹಕ್ಕು, ಮನುಷ್ಯನಿಗೆ ಕೊಟ್ಟಿದ್ದಲ್ಲ. ಅಡ್ಮಿಟ್ ಆದರೆ ಉಂಟು; ಒಪಿಡಿ, ದಿನಾ ನುಂಗುವ ಗುಳಿಗೆ ಅದರಲ್ಲಿ ಇಲ್ಲ. ಸೈಟ್‌ಗಳಲ್ಲಿ ಇಪ್ಪತ್ತು ವರ್ಷ ಸಿಮೆಂಟ್ ಧೂಳು ಕುಡಿದವನ ರೋಗ ಒಂದೇ ದಿನ ಬೆಡ್ ಕೇಳುತ್ತದೆಯೇ? ಮೊದಲು ಕೆಮ್ಮು, ಆಮೇಲೆ ದಮ್ಮು. ಪುಣೆಯಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದ ನಮ್ಮ ಕಾಕಾ ಒಬ್ಬರು ಅಲ್ಲಿಯ ಒಂದು ಆಸ್ಪತ್ರೆಗೆ ಕಾರ್ಡ್ ಹಿಡಿದು ಹೋದರು. ವಾಪಸ್ ಬಂದಮೇಲೆ ನನಗೆ ಹೇಳಿದ್ದಿಷ್ಟೇ: “ಅಡ್ಮಿಟ್ ಆಗೋ ಹಂಗ ಆದಾಗ ಬಾ ಅಂದ್ರು ತಮ್ಮಾ.” ನಿಯಮದ ಪ್ರಕಾರ ಆಸ್ಪತ್ರೆಯವರು ಹೇಳಿದ್ದು ಸರಿಯೇ. ನನ್ನ ಸಿಟ್ಟು ಆ ನಿಯಮದ ಮೇಲೆ.

ಇನ್ನು ಪಟ್ಟಿಯ ಕಥೆ. ಕೇಂದ್ರದ ಯೋಜನೆಗೆ ಬುನಾದಿ 2011ರ ಸಾಮಾಜಿಕ-ಆರ್ಥಿಕ ಗಣತಿ. ಗಣತಿಯವರು ತಾಂಡಾಕ್ಕೆ ಬಂದ ದಿನ ಮನೆಗೆ ಬೀಗ ಇದ್ದರೆ, ಆ ಬೀಗ ಯಾವ ಕಾಲಂನಲ್ಲಿ ಬರುತ್ತದೆ?

ಅಸಲಿ ಜಗಳ ಇರುವುದು ಸೆಸ್ ಹಣದಲ್ಲಿ. 1996ರ ಕಾನೂನಿನಿಂದ ಶುರುವಾದ ನಿಯಮದ ಪ್ರಕಾರ ದೊಡ್ಡ ಕಟ್ಟಡದ ನಿರ್ಮಾಣ ವೆಚ್ಚದಲ್ಲಿ 1% ಸೆಸ್ ಕಟ್ಟಿಸಿಕೊಂಡು ಕಾರ್ಮಿಕರ ಕಲ್ಯಾಣಕ್ಕೆ ಬಳಸಬೇಕು. ನೀವು ಫ್ಲಾಟ್ ಕೊಂಡಿದ್ದರೆ ಬಿಲ್ಡರ್ ಅದನ್ನು ನಿಮ್ಮ ರೇಟಿನಲ್ಲೇ ಸೇರಿಸಿರುತ್ತಾನೆ. ಪುಣೆಯ ಕಟ್ಟಡದ ಸೆಸ್ ಮಹಾರಾಷ್ಟ್ರದ ಮಂಡಳಿಗೆ, ಹೈದರಾಬಾದಿನದು ತೆಲಂಗಾಣದ ಮಂಡಳಿಗೆ. ಕಟ್ಟಿದವನು ಕಾಯಿಲೆಯಾಗಿ ಕಮಲಾಪುರಕ್ಕೆ ಬಂದು ಬೀಳುತ್ತಾನೆ. ದುಡ್ಡು ಅಲ್ಲೇ, ಕೆಮ್ಮು ಇಲ್ಲಿ. ಮಂಡಳಿಯ ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇರೆ ಬೇಕು. ನಾಲ್ಕು ತಿಂಗಳು ಅಲ್ಲಿ, ಮಳೆ ಬಿದ್ದರೆ ಊರಲ್ಲಿ ತೊಗರಿ ಹೊಲ, ಮತ್ತೆ ಇನ್ನೊಂದು ರಾಜ್ಯ. ಮೇಸ್ತ್ರಿಯ ಡೈರಿಯಲ್ಲಿ ಮಾತ್ರ ಹೆಸರಿರುವವನು ಆ ದಾಖಲೆ ಎಲ್ಲಿಂದ ತರಬೇಕು?

ರಾಜ್ಯದಿಂದ ರಾಜ್ಯಕ್ಕೆ ಲೆಕ್ಕ ಮಾಡುವುದು ಕಷ್ಟ ಅಂತ ಹೇಳಬೇಡಿ, ನಾನೂ ಇದೇ ಕೆಲಸದವನು. ಬೀದಿ ಬದಿಯ ಮಿರ್ಚಿ ಭಜಿಗೆ ನೀವು ಕೊಟ್ಟ 20 ರೂಪಾಯಿ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಕ್ಷಣದಲ್ಲಿ ಹೋಗುತ್ತದೆ. ರೇಷನ್ ಅಕ್ಕಿಯನ್ನು ಬೇರೆ ರಾಜ್ಯದ ಅಂಗಡಿಯಲ್ಲೂ ಪಡೆಯುವ ಹಾಗೆ ಮಾಡಿದ್ದಾರೆ. ಆಯುಷ್ಮಾನ್‌ನಲ್ಲೂ ಹೊರರಾಜ್ಯದಲ್ಲಿ ಅಡ್ಮಿಟ್ ಆದರೆ ತವರು ರಾಜ್ಯವೇ ದುಡ್ಡು ಕೊಡುವ ವ್ಯವಸ್ಥೆ ಇದೆ. ಅಂದರೆ ಪೈಪ್ ಹಾಕಿಯಾಗಿದೆ, ನಲ್ಲಿ ತಿರುಗಿಸಲು ಮನಸ್ಸಿಲ್ಲ.

ಅಷ್ಟೇಕೆ, ಕಲಬುರಗಿಯ ಸೇಡಂ ರಸ್ತೆಯ ಇಎಸ್ಐಸಿ ಆಸ್ಪತ್ರೆ ನೋಡಿ. ಇಎಸ್ಐ ಇರುವ ಕಾರ್ಮಿಕ ಬೇರೆ ಊರಿನಲ್ಲಿ ದುಡಿಯುತ್ತಿದ್ದರೂ ಹೆಂಡತಿ ಮಕ್ಕಳು ಇರುವ ಊರಿನಲ್ಲೇ ಅವರಿಗೆ ಚಿಕಿತ್ಸೆ ಕೊಡಿಸಬಹುದು, ಒಪಿಡಿ ಸಮೇತ. ನಮ್ಮದೇ ಎಸ್1 ನಮ್ಮೂರಲ್ಲೇ ಇದೆ! ಆದರೆ ಅದಕ್ಕೆ ಮಾಲೀಕನ ಪುಸ್ತಕದಲ್ಲಿ ಹೆಸರಿರಬೇಕು.

ನನ್ನ ವಿಷಯಕ್ಕೆ ಬನ್ನಿ. ನಾನು ಕೂತಿರುವುದು ಬೆಂಗಳೂರಿನಲ್ಲಿ, ಅಪ್ಪ ಊರಿನಲ್ಲಿ. ಕಂಪನಿಯ ಪಾಲಿಸಿಯಲ್ಲಿ ಅವರ ಹೆಸರು ಸೇರಿಸಿದ್ದೇನೆ. ಕಲಬುರಗಿಯ ನೆಟ್‌ವರ್ಕ್ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್. ನಿಮ್ಮಲ್ಲಿ ಬಹಳ ಜನರಿಗೂ ಹೀಗೆಯೇ ಇರುತ್ತದೆ. ಕೀಬೋರ್ಡ್ ಕುಟ್ಟುವವನ ಹಕ್ಕು ಅವನ ಜೊತೆ ಊರೂರು ತಿರುಗುತ್ತದೆ, ಕಬ್ಬಿಣ ಕಟ್ಟುವವನ ಹಕ್ಕು ರಾಜ್ಯದ ಗಡಿಯಲ್ಲಿ ಬಸ್ಸಿನಿಂದ ಇಳಿದುಬಿಡುತ್ತದೆ.

ಆದ್ದರಿಂದ ಕೇಳಬೇಕಾದ್ದು ಹೊಸ ಕಾರ್ಡ್ ಅಲ್ಲ. ಕಟ್ಟಡ ಕಾರ್ಮಿಕರ ನೋಂದಣಿ ದೇಶಕ್ಕೆಲ್ಲಾ ಒಂದೇ ಆಗಲಿ, ಯಾವ ರಾಜ್ಯದಲ್ಲಿ ಎಷ್ಟು ದಿನ ದುಡಿದರೂ ಅದರಲ್ಲಿ ಕೂಡುತ್ತಾ ಹೋಗಲಿ. ಅವನು ಊರಿಗೆ ಬಂದಾಗ ಒಪಿಡಿ, ಗುಳಿಗೆ, ಎಕ್ಸ್-ರೇ ಎಲ್ಲದರ ಬಿಲ್ಲು ಅವನ ಬೆವರಿನಿಂದ ಸೆಸ್ ಎಣಿಸಿಕೊಂಡ ಮಂಡಳಿಗೆ ಹೋಗಲಿ. ಪುಣೆಯ ಮಂಡಳಿ ಕಮಲಾಪುರದ ಬಿಲ್ಲನ್ನು ಯಾಕೆ ಕಟ್ಟಬೇಕು ಅಂತ ಯಾರಾದರೂ ಕೇಳಿದರೆ, ಆ ಕಟ್ಟಡದ ಲಿಫ್ಟ್ ಹತ್ತಿಸಿ ಹನ್ನೆರಡನೇ ಮಹಡಿಗೆ ಕರೆದುಕೊಂಡು ಹೋಗಿ ತೋರಿಸೋಣ. ನಮ್ಮ ಕಾಕಾ ಆ ಮಹಡಿ ಕಟ್ಟುವಾಗ ಅಲ್ಲಿ ಲಿಫ್ಟ್ ಇರಲಿಲ್ಲ.